ಪ್ರಶ್ನೆಗಳಿಗೂ ಒಂದು ಪರೀಕ್ಷೆ

2008ರ ಮಾತು. ಮಕ್ಕಳ ವಿಜ್ಞಾನ ಸಮಾವೇಶಕ್ಕೆಂದು ನಮ್ಮ ಶಾಲೆಯ ಐವರು ಮಕ್ಕಳು ಊರಿನ ನೀರಿನ ಬಳಕೆಯ ಬಗ್ಗೆ ಒಂದು ಯೋಜನೆ ಕೈಗೆತ್ತಿಕೊಂಡಿದ್ದರು. ಹದಿನಾಲ್ಕು ಪ್ರಶ್ನೆಗಳ ಒಂದು ಹಾಳೆ. ಅದನ್ನು ತಿದ್ದಿಕೊಟ್ಟವನು ನಾನು. ತಾಲ್ಲೂಕು ಕೇಂದ್ರಕ್ಕೆ ಹೋಗಿ 120 ಪ್ರತಿ ಜೆರಾಕ್ಸ್ ಮಾಡಿಸಿ ತಂದವನೂ ನಾನೇ. ಮೂರು ಭಾನುವಾರ ಮಕ್ಕಳು ಬಿಸಿಲಲ್ಲಿ ಮನೆ ಮನೆ ತಿರುಗಿ ಹಾಳೆಗಳನ್ನು ತುಂಬಿಸಿಕೊಂಡು ಬಂದರು. ಕೂಡಿದರು, ಭಾಗಿಸಿದರು, ಚಾರ್ಟಿನ ಮೇಲೆ ಬಣ್ಣದ ಕಂಬಗಳನ್ನು ಎಳೆದರು. ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರಾಗಿ ಬಂದಿದ್ದ ಹಿರಿಯರೊಬ್ಬರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಕೊನೆಗೆ ಒಂದೇ ಒಂದು ಪ್ರಶ್ನೆ ಹಾಕಿದರು:

‘ಈ ಮನೆಯವರು ಹತ್ತು ಕೊಡ ಅಂದಿದ್ದಾರೆ. ನೀವು 150 ಲೀಟರ್ ಅಂತ ಬರೆದಿದ್ದೀರಿ. ಯಾರ ಮನೆಯ ಕೊಡ ಅಮ್ಮಾ ಅದು?’

ತಂಡದ ಮುಂದಾಳಾಗಿದ್ದ ಹುಡುಗಿ ನನ್ನ ಮುಖ ನೋಡಿದಳು. ನಾನು ಚಾರ್ಟಿನ ಮುಖ ನೋಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ತಿರುಗಿ ಕೂತವಳು ಊರು ಬರುವವರೆಗೂ ಮಾತಾಡಲಿಲ್ಲ. ಇಳಿಯುವಾಗ ಹೇಳಿದಳು: ‘ಸಾರ್, ನಮ್ಮನೇಲೇ ಎರಡು ಥರದ ಕೊಡ ಇದಾವೆ. ನಂಗೂ ಹೊಳೀಲಿಲ್ಲ.’

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದು ಅಳತೆಯ ಜಾಡಿ ಹಿಡಿದುಕೊಂಡು ಹತ್ತು ಮನೆಗಳಿಗೆ ಮತ್ತೆ ಹೋದೆವು. ಎಂಟು ಲೀಟರಿನ ತಾಮ್ರದ ಬಿಂದಿಗೆಯೂ ಕೊಡವೇ, ಹದಿನೆಂಟು ಲೀಟರು ಹಿಡಿಯುವ ಪ್ಲಾಸ್ಟಿಕ್ಕಿನದೂ ಕೊಡವೇ. ಅದಾದರೂ ಸಣ್ಣ ತಪ್ಪು. ದೊಡ್ಡ ತಪ್ಪು ಬೇರೆ ಕಡೆ ಇತ್ತು. ‘ನೀವು ದಿನಕ್ಕೆ ಎಷ್ಟು ನೀರು ಬಳಸುತ್ತೀರಿ?’ ಎಂದು ನಾವು ಕೇಳಿದ್ದೆವು. ನಮ್ಮ ಕಡೆ ‘ಕುಡಿಯೋ ನೀರು’ ಬೇರೆ, ‘ಬಳಸೋ ನೀರು’ ಬೇರೆ ಎಂಬುದು ಹೆಂಗಸರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ಪ್ರಶ್ನೆ ಬರೆಯುವಾಗ ನಾನು ಪಠ್ಯಪುಸ್ತಕದ ಕನ್ನಡದಲ್ಲಿದ್ದೆ. ಹಾಗಾಗಿ ಕೆಲವರು ಪಾತ್ರೆ, ಬಟ್ಟೆ, ಸ್ನಾನದ ನೀರನ್ನಷ್ಟೇ ಹೇಳಿದ್ದರು. ಕೆಲವರು ಎಲ್ಲವನ್ನೂ ಸೇರಿಸಿದ್ದರು. ಎರಡು ಎಮ್ಮೆ ಕಟ್ಟಿದ್ದ ಮನೆಯವರು ಎಮ್ಮೆಗಳ ಪಾಲನ್ನೂ ಸೇರಿಸಿ ಹೇಳಿದ್ದರು. ನಾವು ಅದನ್ನು ಮನೆಯ ನಾಲ್ಕು ಜನರಿಗೆ ಹಂಚಿಬಿಟ್ಟಿದ್ದೆವು.

ಇದರಿಂದ ಆದದ್ದೇನು ಗೊತ್ತೇ? ಆಗ ಗ್ರಾಮೀಣ ಪ್ರದೇಶಕ್ಕೆ ಸರ್ಕಾರದ ಲೆಕ್ಕ ತಲೆಗೆ ದಿನಕ್ಕೆ 40 ಲೀಟರ್. (2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಅದು 55 ಲೀಟರ್ ಆಯಿತು.) ಮಕ್ಕಳ ಚಾರ್ಟಿನ ಪ್ರಕಾರ ನಮ್ಮೂರಿನವರು 40ಕ್ಕಿಂತ ಹೆಚ್ಚು ನೀರು ಬಳಸುತ್ತಿದ್ದರು. ಅಂದರೆ ಕೊರತೆಯೇ ಇಲ್ಲ! ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೈಪಂಪಿನ ಮುಂದೆ ಕೊಡ ಸಾಲಿಟ್ಟು ನಿಲ್ಲುತ್ತಿದ್ದ ಊರದು. ಇನ್ನೊಂದು ಕೊಳವೆ ಬಾವಿಗಾಗಿ ಅರ್ಜಿ ಹಾಕಲು ಪಂಚಾಯಿತಿ ಸದಸ್ಯರೊಬ್ಬರು ಮಕ್ಕಳ ವರದಿಯ ಪ್ರತಿ ಕೇಳಿದ್ದರು. ಪುಣ್ಯಕ್ಕೆ ಇನ್ನೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ, ನಮ್ಮ ಮಕ್ಕಳು ಮೂರು ಭಾನುವಾರ ಬೆವರು ಸುರಿಸಿ ಸಿದ್ಧಪಡಿಸಿದ ಕಾಗದವೇ ನಮ್ಮೂರಿನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

120 ಪ್ರತಿ ಮಾಡಿಸುವ ಮೊದಲು ಐದು ಪ್ರತಿ ಮಾಡಿಸಿ, ಐದು ಮನೆಯಲ್ಲಿ ಕೇಳಿ ನೋಡಿದ್ದರೆ ಇದಿಷ್ಟೂ ಒಂದೇ ಸಂಜೆಯಲ್ಲಿ ಗೊತ್ತಾಗುತ್ತಿತ್ತು.

ಉಪಕರಣದ ದೋಷ

ಹೀಗೆ ಕೇಳಿ ನೋಡುವುದಕ್ಕೆ ಪೂರ್ವಪರೀಕ್ಷೆ ಎನ್ನುತ್ತಾರೆ. ಇಡೀ ಸಮೀಕ್ಷೆಯನ್ನೇ ಸಣ್ಣ ಪ್ರಮಾಣದಲ್ಲಿ ನಡೆಸಿ ನೋಡಿದರೆ ಅದು ಪ್ರಾಯೋಗಿಕ ಸಮೀಕ್ಷೆ, ಪೈಲಟ್ ಸರ್ವೆ. ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜನ್ನು ಕೈಗೆ ತೆಗೆದುಕೊಂಡ ವಿದ್ಯಾರ್ಥಿ ಮೊದಲು ಮಾಡಬೇಕಾದದ್ದು ತಂತಿಯನ್ನು ಅಳೆಯುವುದಲ್ಲ; ಬಾಯಿ ಮುಚ್ಚಿದಾಗ ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡುವುದು. ತೋರಿಸದಿದ್ದರೆ ಆ ಶೂನ್ಯ ದೋಷವನ್ನು ಬರೆದಿಟ್ಟುಕೊಂಡು ಕೊನೆಗೆ ಕಳೆಯುತ್ತೇವೆ. ಪ್ರಶ್ನಾವಳಿಯೂ ಅಂಥದೇ ಒಂದು ಅಳತೆಯ ಉಪಕರಣ. ಒಂದು ವ್ಯತ್ಯಾಸವಿದೆ. ಸ್ಕ್ರೂ ಗೇಜಿನ ದೋಷವನ್ನು ಆಮೇಲೆ ಕಳೆಯಬಹುದು. ಪ್ರಶ್ನೆಯ ದೋಷವನ್ನು ಕಳೆಯಲು ಬರುವುದಿಲ್ಲ. ಯಾರು ಎಮ್ಮೆಯನ್ನು ಸೇರಿಸಿದರು, ಯಾರು ಸೇರಿಸಲಿಲ್ಲ ಎಂಬುದು ತುಂಬಿದ ಹಾಳೆಯ ಮೇಲೆ ಬರೆದಿರುವುದಿಲ್ಲವಲ್ಲ.

ನಮ್ಮ ದೇಶದವರಿಗೆ ಈ ವಿಷಯ ಹೊಸದೇನಲ್ಲ. ಪೈಲಟ್ ಸಮೀಕ್ಷೆಯ ಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟವರಲ್ಲಿ ಮೊದಲಿಗರೆಂದು ಜಗತ್ತು ಗುರುತಿಸುವುದು ನಮ್ಮವರೇ ಆದ ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರನ್ನು. ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಕಟ್ಟಿದವರು ಅವರು. ಬಂಗಾಳದಲ್ಲಿ ಎಷ್ಟು ನೆಲದಲ್ಲಿ ಸೆಣಬು ಬೆಳೆದಿದೆ ಎಂದು ತಿಳಿಯಬೇಕಾಗಿತ್ತು. 1937ರಲ್ಲಿ ಅವರು ಇಡೀ ಪ್ರಾಂತಕ್ಕೆ ಕೈಹಾಕಲಿಲ್ಲ. ಸಣ್ಣದಾಗಿ ಶುರುಮಾಡಿ, ಎಷ್ಟು ದೊಡ್ಡ ತುಂಡು ನೆಲವನ್ನು ನೋಡಿದರೆ ಸಾಕು, ಎಷ್ಟು ತುಂಡು ಬೇಕು, ಎಷ್ಟು ಖರ್ಚು ಬೀಳುತ್ತದೆ, ನೋಡುವವರು ಎಲ್ಲಿ ತಪ್ಪುತ್ತಾರೆ ಎಂದು ವರ್ಷವರ್ಷವೂ ಕಲಿಯುತ್ತಾ ಹರವನ್ನು ಹಿಗ್ಗಿಸುತ್ತಾ ಹೋದರು. ಸಮೀಕ್ಷೆ ಪೂರ್ಣ ಪ್ರಮಾಣಕ್ಕೆ ಬಂದದ್ದು 1941ರಲ್ಲಿ. ನಾಲ್ಕು ವರ್ಷದ ತಯಾರಿ! ನಮ್ಮ ಮಕ್ಕಳಿಗೆ ನಾವು ನಾಲ್ಕು ದಿನವನ್ನೂ ಕೊಡುವುದಿಲ್ಲ.

ದೊಡ್ಡವರ ಕೊಡಗಳು

ಹಳ್ಳಿ ಶಾಲೆಯ ಮಕ್ಕಳು ಎಡವಿದರು, ಸರಿ. ದೊಡ್ಡ ಸಂಸ್ಥೆಗಳು ಎಡವುವುದಿಲ್ಲವೇ? ಅಮೆರಿಕದ ರೋಪರ್ ಸಂಸ್ಥೆ 1992ರಲ್ಲಿ ನಡೆಸಿದ ಒಂದು ಜನಾಭಿಪ್ರಾಯ ಸಮೀಕ್ಷೆ ಈ ವಿಷಯದಲ್ಲಿ ಬಹಳ ಪ್ರಸಿದ್ಧ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಲಕ್ಷಾಂತರ ಯಹೂದಿಗಳನ್ನು ಕೊಂದದ್ದನ್ನು ಜನ ನಂಬುತ್ತಾರೆಯೇ ಎಂದು ತಿಳಿಯಬೇಕಿತ್ತು. ಕೇಳಿದ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಆ ಹತ್ಯಾಕಾಂಡ ನಡೆದೇ ಇಲ್ಲ ಎಂಬುದು ನಿಮಗೆ ಸಾಧ್ಯವೆನಿಸುತ್ತದೆಯೋ, ಅಸಾಧ್ಯವೆನಿಸುತ್ತದೆಯೋ? ಇನ್ನೊಮ್ಮೆ ಓದಿಕೊಳ್ಳಿ. ನಡೆದಿದೆ ಎಂದು ನಂಬುವವನು ‘ಇಲ್ಲ ಎಂಬುದು ಅಸಾಧ್ಯ’ ಎನ್ನಬೇಕು. ಇಲ್ಲದ ಮೇಲೊಂದು ಇಲ್ಲ. ನಿಂತ ನಿಲುವಿನಲ್ಲಿ ಕೇಳಿಸಿಕೊಂಡ ಜನ ಮುಗ್ಗರಿಸಿದರು. ಶೇಕಡಾ 22 ಮಂದಿ ‘ಸಾಧ್ಯ’ ಎಂದರು. ಫಲಿತಾಂಶ ಹೊರಬಿದ್ದಾಗ ದೇಶವೇ ತಲ್ಲಣಿಸಿತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇತಿಹಾಸವನ್ನೇ ಅನುಮಾನಿಸುತ್ತಿದ್ದಾರೆಯೇ ಎಂದು. 1994ರಲ್ಲಿ ಪ್ರಶ್ನೆಯನ್ನು ಬಿಡಿಸಿ, ಸರಳ ಮಾಡಿ ಕೇಳಿದಾಗ ಹಾಗೆಂದವರು ಶೇಕಡಾ 1ರಷ್ಟು ಮಾತ್ರ. ಎರಡು ವರ್ಷದಲ್ಲಿ ಜನ ಬದಲಾಗಿರಲಿಲ್ಲ, ವಾಕ್ಯ ಬದಲಾಗಿತ್ತು. ಹತ್ತು ಜನರ ಮುಂದೆ ಮೊದಲೇ ಓದಿ, ‘ನೀವು ಹೇಳಿದ್ದರ ಅರ್ಥವೇನು’ ಎಂದು ಕೇಳಿದ್ದರೆ ಸಾಕಾಗಿತ್ತು.

ನಮ್ಮ ದೇಶದ್ದೇ ಒಂದು ಉದಾಹರಣೆ ಇದಕ್ಕಿಂತ ಗಹನವಾದದ್ದು. ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಆರಂಭವಾಯಿತು. ಮನೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂದು ಅದು ಕೇಳುತ್ತದೆ. ಬಡವರು ಎಷ್ಟು ಜನ ಎಂಬ ಲೆಕ್ಕ ಹುಟ್ಟುತ್ತಿದ್ದುದು ಈ ಉತ್ತರಗಳಿಂದ. ಕಳೆದ 30 ದಿನದಲ್ಲಿ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ ಎಂದು ಕೇಳುವುದು ಆಗ ವಾಡಿಕೆಯಾಗಿತ್ತು. ಒಂದು ತಿಂಗಳ ಹಿಂದಿನದು ನೆನಪಿರುತ್ತದೆಯೇ, ಒಂದು ವಾರದ್ದನ್ನು ಕೇಳಿದರೆ ಮೇಲಲ್ಲವೇ ಎಂಬ ಸಂದೇಹ ಹಳೆಯದು. 1950ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ ನೋಡಿದ್ದರು. 1994ರಿಂದ 1998ರವರೆಗಿನ ಸುತ್ತುಗಳಲ್ಲಿ ಮತ್ತೆ ನೋಡಿದರು. ಮನೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಆಹಾರದ ಬಗ್ಗೆ 30 ದಿನದ ಪ್ರಶ್ನೆ, ಇನ್ನೊಂದು ಪಾಲಿಗೆ 7 ದಿನದ ಪ್ರಶ್ನೆ ಕೊಟ್ಟರು. ವಾರದ ಪ್ರಶ್ನೆಗೆ ಉತ್ತರಿಸಿದವರು ಹೆಚ್ಚು ತಿಂದಂತೆ ಲೆಕ್ಕ ಬಂತು. ಎಷ್ಟು ಹೆಚ್ಚೆಂದರೆ, ಆ ಲೆಕ್ಕ ಹಿಡಿದರೆ ದೇಶದ ಬಡತನ ಸುಮಾರು ಅರ್ಧಕ್ಕೆ ಇಳಿದುಬಿಡುತ್ತಿತ್ತು! ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬಿದ್ದಿರಲಿಲ್ಲ, ಪ್ರಶ್ನೆಯೊಳಗಿನ ಒಂದು ಅಂಕಿ ಬದಲಾಗಿತ್ತು ಅಷ್ಟೆ.

ಕತೆ ಇಲ್ಲಿಗೇ ನಿಲ್ಲುವುದಿಲ್ಲ. 1999–2000ದ ದೊಡ್ಡ ಸಮೀಕ್ಷೆಯಲ್ಲಿ ಎರಡು ಪ್ರಶ್ನೆಗಳನ್ನೂ ಒಂದೇ ಮನೆಗೆ, ಒಂದೇ ನಮೂನೆಯಲ್ಲಿ, ಅಕ್ಕಪಕ್ಕದ ಕಾಲಮ್ಮುಗಳಲ್ಲಿ ಕೇಳಿದರು. ಅದುವರೆಗೆ ಪ್ರಯೋಗ ಮಾಡಿದ್ದು ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ನಮೂನೆಗಳಿಂದ. ಈಗ ಎರಡು ಉತ್ತರಗಳು ಒಂದನ್ನೊಂದು ಎಳೆದಾಡಿದವು. ‘ವಾರಕ್ಕೆ ಎರಡು ಕೆ.ಜಿ. ಅಂದಿರಿ, ತಿಂಗಳಿಗೆ ಆರು ಹೇಗೆ?’ ಎಂದು ಮನಸ್ಸು ತಾನಾಗಿಯೇ ತಾಳೆ ಹಾಕುತ್ತದೆ. ಉತ್ತರಿಸುವವರ ಮನಸ್ಸೂ, ಬರೆದುಕೊಳ್ಳುವವರ ಮನಸ್ಸೂ. 1993–94ರಲ್ಲಿ ಶೇಕಡಾ 36 ಇದ್ದ ಬಡತನ 1999–2000ದಲ್ಲಿ ಶೇಕಡಾ 26ಕ್ಕೆ ಇಳಿಯಿತು ಎಂದು ಅಧಿಕೃತ ಲೆಕ್ಕ ಹೇಳಿತು. ಇದರಲ್ಲಿ ನಿಜವಾಗಿ ಇಳಿದದ್ದೆಷ್ಟು, ಪ್ರಶ್ನೆ ಇಳಿಸಿದ್ದೆಷ್ಟು ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದ ಮಾಡಿದರು. 2004–05ರ ಸುತ್ತಿನಲ್ಲಿ ಆಹಾರಕ್ಕೆ ಮತ್ತೆ 30 ದಿನದ ಪ್ರಶ್ನೆಗೇ ಮರಳಿದರು. ಪೂರ್ವಪರೀಕ್ಷೆ ಮಾಡಿದರೆ ಸಾಲದು, ಯಾವ ನಮೂನೆಯನ್ನು ಮನೆಗೆ ಒಯ್ಯುತ್ತೀರೋ ಅದೇ ನಮೂನೆಯನ್ನು ಪರೀಕ್ಷಿಸಬೇಕು ಎನ್ನುವುದಕ್ಕೆ ನಾನು ಮಕ್ಕಳಿಗೆ ಈ ಕತೆಯನ್ನೇ ಹೇಳುತ್ತೇನೆ. ಕೊನೆಯ ಗಳಿಗೆಯಲ್ಲಿ ‘ಇದೂ ಒಂದಿರಲಿ’ ಎಂದು ಸೇರಿಸುವ ಪ್ರಶ್ನೆಯೇ ಕೈಕೊಡುವುದು.

ನಾಚಿಕೆಯ ವಿಷಯಗಳಲ್ಲಂತೂ ಇನ್ನೂ ಸೂಕ್ಷ್ಮ. 2018ರಲ್ಲಿ ಭಾರತದ ನಾಲ್ಕು ರಾಜ್ಯಗಳ ಹಳ್ಳಿಗಳಲ್ಲಿ, ಶೌಚಾಲಯವಿದ್ದ ಸುಮಾರು 2,400 ಮನೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ಒಂದು ಅಧ್ಯಯನ ನಡೆಯಿತು. ಒಂದು ಪಾಲಿನಲ್ಲಿ ‘ಮನೆಯವರು ಎಲ್ಲಿಗೆ ಹೋಗುತ್ತೀರಿ’ ಎಂದು ಒಟ್ಟಿಗೆ ಕೇಳಿದರು. ಇನ್ನೊಂದರಲ್ಲಿ ಮನೆಯ ಒಬ್ಬೊಬ್ಬರ ಬಗ್ಗೆಯೂ ಬೇರೆ ಬೇರೆಯಾಗಿ ಕೇಳಿದರು. ಒಬ್ಬೊಬ್ಬರ ಬಗ್ಗೆ ಕೇಳಿದ ಕಡೆ ಬಯಲಿಗೆ ಹೋಗುವವರ ಪ್ರಮಾಣ ಶೇಕಡಾ 20 ಅಂಶಗಳಷ್ಟು ಹೆಚ್ಚು ಕಂಡಿತು. ‘ಮನೆ’ಯನ್ನು ಕೇಳಿದರೆ ಸೊಸೆಯ ಉತ್ತರ ಬರುತ್ತದೆ, ಮಾವ ಬೆಳಗಾಗೆದ್ದು ತಂಬಿಗೆ ಹಿಡಿದು ಹೊಲದ ಕಡೆ ಹೋಗುವುದು ಅದರೊಳಗೆ ಮುಚ್ಚಿಹೋಗುತ್ತದೆ.

‘ಯಜಮಾನರು ಯಾರಮ್ಮ?’

ನಾವು ಮೇಷ್ಟರುಗಳು ಜನಗಣತಿಯ ಕೆಲಸ ಮಾಡುವವರು. 2001ರಲ್ಲಿ, 2011ರಲ್ಲಿ ನಾನೂ ಮಾಡಿದ್ದೇನೆ. ಗಣತಿಯ ಪ್ರಶ್ನೆಗಳಿಗೂ ಪೂರ್ವಪರೀಕ್ಷೆ ಇದೆ. 2021ರಲ್ಲಿ ನಡೆಯಬೇಕಿದ್ದ ಗಣತಿಗೆ 2019ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅದು ನಡೆದಿತ್ತು. ಕೋವಿಡ್‌ನಿಂದಾಗಿ ಗಣತಿಯೇ ಮುಂದೆ ಹೋಯಿತು. 2027ರ ಗಣತಿಗಾಗಿ 2025ರ ನವೆಂಬರ್‌ನಲ್ಲಿ ಮತ್ತೊಮ್ಮೆ ನಡೆಯಿತು. ಆದರೆ ಅಚ್ಚಾದ ಪ್ರಶ್ನೆ ಎಷ್ಟೇ ಪಕ್ವವಾಗಿದ್ದರೂ ಬಾಗಿಲಲ್ಲಿ ಅದು ಹೊರಬೀಳುವುದು ನಮ್ಮ ಬಾಯಿಂದ. ನಮೂನೆಯಲ್ಲಿ ‘ಕುಟುಂಬದ ಮುಖ್ಯಸ್ಥರು’ ಎಂದಿರುತ್ತದೆ. ಬಿಸಿಲಲ್ಲಿ ನಲವತ್ತನೇ ಮನೆಗೆ ಬಂದಿದ್ದ ನಾನು ‘ಯಜಮಾನರು ಯಾರಮ್ಮ?’ ಎಂದು ಕೇಳಿಬಿಟ್ಟೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಆಕೆ ತಲೆ ಎತ್ತಲಿಲ್ಲ. ‘ಅವರು ಹೋಗಿ ಹತ್ತು ವರ್ಷ ಆಯ್ತು ಸಾಮಿ’ ಎಂದರು. ಹೊಲ ಮಾಡಿಸಿ, ಸಾಲ ತೀರಿಸಿ, ಇಬ್ಬರು ಮಕ್ಕಳನ್ನು ಓದಿಸುತ್ತಿದ್ದ ಆ ಮನೆಯ ಯಜಮಾನಿ ಆಕೆಯೇ. ‘ಯಜಮಾನರು’ ಎಂದರೆ ನಮ್ಮ ಹೆಂಗಸರ ಬಾಯಲ್ಲಿ ಗಂಡ ಎಂದೂ ಅರ್ಥ. ಇದು ನನಗೆ ಮದುವೆಯಾದ ಲಾಗಾಯ್ತು ಗೊತ್ತಿರುವ ವಿಷಯ!

‘ಕೆಲಸ’ ಎಂಬ ಮಾತೂ ಹಾಗೆಯೇ. ಸಗಣಿ ತೆಗೆದು, ಹಾಲು ಕರೆದು, ಕಳೆ ಕಿತ್ತು ಬಂದಾಕೆ ‘ನಂಗೇನೂ ಕೆಲಸ ಇಲ್ಲ, ಮನೇಲೇ ಇದೀನಿ’ ಎನ್ನುತ್ತಾಳೆ. ಇದಕ್ಕೆಂದೇ 1991ರ ಗಣತಿಯಲ್ಲಿ ಕೆಲಸದ ಪ್ರಶ್ನೆಯ ಪಕ್ಕದಲ್ಲಿ, ಹೊಲದಲ್ಲೋ ಮನೆಯ ಕಸುಬಿನಲ್ಲೋ ಕೂಲಿಯಿಲ್ಲದೆ ಮಾಡಿದ ದುಡಿಮೆಯೂ ಸೇರಿ ಎಂಬ ಮಾತನ್ನು ಕಂಸದಲ್ಲಿ ಸೇರಿಸಿದರು. ದುಡಿಯುವ ಮಹಿಳೆಯರ ಪ್ರಮಾಣ 1981ರಲ್ಲಿ ಶೇಕಡಾ 19.7 ಇದ್ದದ್ದು 1991ರಲ್ಲಿ 22.3 ಆಯಿತು. ಏರಿದ್ದೆಲ್ಲವೂ ಕಂಸದ ಮಹಿಮೆ ಎನ್ನಲಾಗದು. ಆದರೂ ಒಂದು ಕಂಸದೊಳಗೆ ಎಷ್ಟು ಹೆಂಗಸರು ಕೂತಿರಬಹುದು, ಯೋಚಿಸಿ.

ಅಡುಗೆಮನೆಯಿಂದಲೇ ಶುರು

ಇನ್ನು ಮನೆಯ ಮಾತಿಗೆ ಬರೋಣ. ನಿಮ್ಮ ಮಗಳೋ ಮಗನೋ ಯೋಜನೆಗಾಗಿ ಪ್ರಶ್ನಾವಳಿ ಬರೆದಿದ್ದಾರೆ ಅನ್ನಿ. ಮೊದಲ ಕೆಲಸ, ಅದನ್ನು ಗಟ್ಟಿಯಾಗಿ ಓದಿಸುವುದು. ಓದುವವರ ನಾಲಿಗೆ ತೊಡರಿದರೆ ಕೇಳುವವರ ಬುದ್ಧಿಯೂ ತೊಡರುತ್ತದೆ. ಆಮೇಲೆ ಒಬ್ಬರನ್ನು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳಬೇಕು, ಉತ್ತರ ಬಂದ ಮೇಲೆ ಇನ್ನೊಂದು ಕೇಳಬೇಕು: ‘ಇದು ಏನು ಕೇಳ್ತಿದೆ ಅಂತ ನಿಮಗನಿಸಿತು? ನಿಮ್ಮ ಮಾತಲ್ಲಿ ಹೇಳಿ.’ ಪೂರ್ವಪರೀಕ್ಷೆಯ ಜೀವ ಇರುವುದು ಈ ಎರಡನೇ ಪ್ರಶ್ನೆಯಲ್ಲಿ. ‘ಅರ್ಥ ಆಯ್ತಾ?’ ಎಂದು ಮಾತ್ರ ಕೇಳಬೇಡಿ. ಮೂವತ್ತು ವರ್ಷದ ಹತ್ತಿರ ಪಾಠ ಮಾಡಿದ್ದೇನೆ. ‘ಅರ್ಥ ಆಯ್ತಾ’ ಎಂದಾಗ ‘ಆಯ್ತು ಸಾರ್’ ಎನ್ನದ ತರಗತಿಯನ್ನು ನಾನು ಕಂಡಿಲ್ಲ.

ಯಾರನ್ನು ಕೂರಿಸಿಕೊಳ್ಳಬೇಕು? ಮೇಷ್ಟರನ್ನಲ್ಲ, ಇಂಗ್ಲಿಷ್ ಬಲ್ಲ ಚಿಕ್ಕಪ್ಪನನ್ನಲ್ಲ. ಸಮೀಕ್ಷೆಯಲ್ಲಿ ನೀವು ಯಾರನ್ನು ಕೇಳಲಿದ್ದೀರೋ ಅಂಥವರನ್ನೇ. ಹಾಲು ಹಾಕುವ ರೈತರ ಬಗ್ಗೆಯಾದರೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರನ್ನು. ಐದಾರು ಜನ ಸಾಕು, ಹತ್ತಾದರೆ ಉತ್ತಮ. ಆದರೆ ಮುಖ್ಯ ಪಟ್ಟಿಯಲ್ಲಿರುವ ಮನೆಯವರು ಬೇಡ. ಒಮ್ಮೆ ಕೇಳಿಸಿಕೊಂಡವರು ಎರಡನೇ ಸಲ ಹೊಸಬರಾಗಿ ಉತ್ತರಿಸುವುದಿಲ್ಲ. ಪರೀಕ್ಷೆಯ ನಂತರ ಪ್ರಶ್ನೆಗಳನ್ನು ತಿದ್ದಿದ್ದರೆ ಆ ಹಳೆಯ ಉತ್ತರಗಳನ್ನು ಒಟ್ಟು ಲೆಕ್ಕಕ್ಕೆ ಸೇರಿಸಬಾರದು. ಸಂಖ್ಯೆ ದೊಡ್ಡದಾಗಿ ಕಾಣಲಿ ಎಂಬ ಆಸೆಗೆ ಸೇರಿಸುವವರಿದ್ದಾರೆ, ಪಿಎಚ್.ಡಿ. ಮಾಡುವವರಲ್ಲೂ.

ಕೇಳುವಾಗ ಉತ್ತರಕ್ಕಿಂತ ಮುಖ ನೋಡಬೇಕು. ‘ಆಂ?’ ಎಂದು ಮರಳಿ ಕೇಳಿದರೇ? ಗುರುತು ಹಾಕಿ. ಉತ್ತರ ಕೊಡುವ ಮೊದಲು ಪಕ್ಕದಲ್ಲಿ ನಿಂತ ಅತ್ತೆಯ ಕಡೆ ನೋಡಿದರೇ? ಗುರುತು ಹಾಕಿ. ಹತ್ತಕ್ಕೆ ಹತ್ತು ಜನ ಒಂದೇ ಉತ್ತರ ಕೊಟ್ಟ ಪ್ರಶ್ನೆಯಿಂದ ನಿಮಗೆ ಹೊಸದೇನೂ ಸಿಗುವುದಿಲ್ಲ, ‘ಸ್ವಚ್ಛತೆ ಮುಖ್ಯವೇ?’ ಎಂದು ಕೇಳಿದರೆ ಯಾರು ತಾನೆ ಅಲ್ಲ ಅಂತಾರೆ? ‘ಇತರೆ’ ಎಂಬ ಖಾನೆಯೇ ತುಂಬಿ ತುಳುಕಿದರೆ ನೀವು ಕೊಟ್ಟ ಆಯ್ಕೆಗಳು ಊರಿನವಲ್ಲ, ನಿಮ್ಮ ತಲೆಯವು ಎಂದು ತಿಳಿಯಿರಿ. ‘ಗೊತ್ತಿಲ್ಲ’ ಎಂಬ ಖಾನೆ ಇರಲೇಬೇಕು. ಅಮೆರಿಕದ ಸಂಶೋಧಕರು ಒಮ್ಮೆ ‘1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ’ಯ ಬಗ್ಗೆ ಜನರ ಅಭಿಪ್ರಾಯ ಕೇಳಿದರು. ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಪರವೋ ವಿರೋಧವೋ ಹೇಳಿದರು. ಅಂಥ ಕಾಯ್ದೆಯೇ ಇರಲಿಲ್ಲ!

ಗಡಿಯಾರವನ್ನೂ ನೋಡಿಕೊಳ್ಳಿ. ನೀವು ಹತ್ತು ನಿಮಿಷ ಅಂದುಕೊಂಡದ್ದು ಮೂವತ್ತೈದು ನಿಮಿಷ ಹಿಡಿದರೆ ಒಳಗೆ ಒಲೆಯ ಮೇಲಿನ ರೊಟ್ಟಿ ಸೀದಿರುತ್ತದೆ, ಕೊನೆಯ ಹತ್ತು ಉತ್ತರಗಳೂ ಸೀದಿರುತ್ತವೆ. ಇನ್ನೊಂದು ಕೆಲಸವನ್ನು ಬಹಳ ಜನ ಬಿಡುತ್ತಾರೆ: ಪರೀಕ್ಷೆಯಲ್ಲಿ ಸಿಕ್ಕ ಐದು ಹಾಳೆಗಳನ್ನೇ ಇಟ್ಟುಕೊಂಡು ಕೋಷ್ಟಕ ತಯಾರಿಸಿ ನೋಡುವುದು. ಕೊಡವನ್ನು ಲೀಟರು ಮಾಡುವುದು ಹೇಗೆ ಎಂಬ ಪ್ರಶ್ನೆ ನಮಗೆ ಆಗಲೇ ಎದುರಾಗಬೇಕಿತ್ತು. ನಮಗದು ಎದುರಾದದ್ದು ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ.

ಈಗ ಮಕ್ಕಳು ಮೊಬೈಲಿನಲ್ಲೇ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕಿಬಿಡುತ್ತಾರೆ. ರಾತ್ರಿ ಬೆಳಗಾಗುವುದರೊಳಗೆ ಮುನ್ನೂರು ಉತ್ತರ. ಜೆರಾಕ್ಸಿನ ಖರ್ಚಿಲ್ಲ ಎಂಬುದು ಸರಿ, ಆದರೆ ಮುಖ ನೋಡುವ ಅವಕಾಶವೂ ಇಲ್ಲ. ಅಂಥ ಫಾರ್ಮಿಗೆ ಎದುರುಬದುರು ಕೂತು ಮಾಡುವ ಪೂರ್ವಪರೀಕ್ಷೆ ಇನ್ನೂ ಹೆಚ್ಚು ಬೇಕು.

ತಂದೆ ತಾಯಿಯರಲ್ಲಿ ಒಂದು ಅರಿಕೆ. ಯೋಜನೆಯನ್ನು ದಯವಿಟ್ಟು ನೀವು ಬರೆದುಕೊಡಬೇಡಿ. ಥರ್ಮೊಕೋಲಿನ ಮಾದರಿಗಳನ್ನು ಅಪ್ಪಂದಿರು ಮಾಡುವುದು ನಮಗೆ ಗೊತ್ತಾಗುತ್ತದೆ. ಬದಲಿಗೆ ಮೊದಲ ಉತ್ತರದಾರರಾಗಿ. ಮಗು ಕೇಳಿದ ಪ್ರಶ್ನೆ ಅರ್ಥವಾಗದಿದ್ದಾಗ ಅರ್ಥವಾದಂತೆ ನಟಿಸದೆ ‘ಏನು ಕೇಳ್ತಿದೀಯೋ ತಿಳೀಲಿಲ್ಲ ಕಣಪ್ಪ’ ಎನ್ನಿ. ಪ್ರೀತಿಯಿಂದ ತಪ್ಪನ್ನು ಮುಚ್ಚಿದರೆ ಅದನ್ನು ಮುಂದೆ ಯಾರೋ ತೀರ್ಪುಗಾರರು ತೆರೆಯುತ್ತಾರೆ.

ನೀರುಗಂಟಿಯ ಪಾಠ

ಸಂದರ್ಶನದ ಪ್ರಶ್ನೆಪಟ್ಟಿಗೆ ಇದಕ್ಕಿಂತ ಬೇರೆ ಬಗೆಯ ಪರೀಕ್ಷೆ ಬೇಕು. ಅಲ್ಲಿ ಖಾನೆಗಳಿಲ್ಲ, ಟಿಕ್ಕು ಹಾಕುವುದಿಲ್ಲ. ಮಾತು ಹರಿಯಬೇಕು. ಎರಡು ವರ್ಷದ ಹಿಂದೆ ನಮ್ಮ ಹತ್ತನೇ ತರಗತಿಯ ಮಕ್ಕಳು ಊರ ಕೆರೆಯ ಹಳೆಯ ನೀರು ಹಂಚಿಕೆಯ ಬಗ್ಗೆ ಹಿರಿಯರನ್ನು ಮಾತಾಡಿಸಲು ಹೊರಟರು. ಈ ಸಲ ನಾನು ಪಾಠ ಕಲಿತಿದ್ದೆ. ಮೊದಲು ಪಕ್ಕದ ಊರಿನ ಒಬ್ಬ ವೃದ್ಧರ ಬಳಿ ಕಳಿಸಿದೆ. ಅವರು ಹಿಂದೆ ಅಲ್ಲಿನ ಕೆರೆಯ ನೀರುಗಂಟಿಯಾಗಿದ್ದವರು; ಅಂದರೆ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದವರು.

ಮಕ್ಕಳ ಮೊದಲ ಪ್ರಶ್ನೆ: ‘ನಿಮ್ಮ ಊರಿನ ಕೆರೆಯ ಇತಿಹಾಸವನ್ನು ತಿಳಿಸಿ.’ ಅಜ್ಜ ಕೈಮುಗಿದುಬಿಟ್ಟರು. ‘ಇತಿಹಾಸಗಿತಿಹಾಸ ನಂಗೊತ್ತಿಲ್ಲ ಮಗ, ಓದ್ದೋರ್ನ ಕೇಳಿ.’ ಎರಡನೆಯದು: ‘ಆಗ ನೀರಿನ ಹಂಚಿಕೆ ನ್ಯಾಯಯುತವಾಗಿತ್ತೇ?’ ಅಜ್ಜ ಹೂಂ ಎಂದರು. ಮೂರನೆಯದಕ್ಕೂ ಹೂಂ. ಹನ್ನೊಂದು ಪ್ರಶ್ನೆಗಳ ಸಂದರ್ಶನ ಆರು ನಿಮಿಷದಲ್ಲಿ ಮುಗಿಯಿತು. ಮಕ್ಕಳು ಪೆಚ್ಚಾಗಿ ಬಂದರು.

ತರಗತಿಯಲ್ಲಿ ಕೂತು ಪಟ್ಟಿಯನ್ನು ಒಡೆದೆವು. ಹೌದು–ಇಲ್ಲ ಎಂದು ಮುಗಿಯುವ ಪ್ರಶ್ನೆಗಳೆಲ್ಲ ಹೋದವು. ‘ಇತಿಹಾಸ’, ‘ನ್ಯಾಯಯುತ’ ಎಂಬ ಭಾರದ ಮಾತುಗಳೂ ಹೋದವು. ಜಗಳದ ಪ್ರಶ್ನೆ ಕೊನೆಗೆ ಸರಿಯಿತು. ಮನೆಗೆ ಬಂದ ಐದೇ ನಿಮಿಷಕ್ಕೆ ‘ನಿಮ್ಮೂರಲ್ಲಿ ನೀರಿಗೆ ಜಗಳ ಆಗ್ತಿತ್ತಾ’ ಎಂದರೆ ಯಾರು ಬಾಯಿಬಿಡುತ್ತಾರೆ? ಮೊಬೈಲಿನಲ್ಲಿ ಮಾತು ಹಿಡಿದುಕೊಳ್ಳಲು ಮೊದಲೇ ಒಪ್ಪಿಗೆ ಕೇಳಬೇಕು, ಅದನ್ನು ಅವರ ಮುಖದ ಮುಂದೆ ಹಿಡಿಯದೆ ಪಕ್ಕದಲ್ಲಿಡಬೇಕು ಎಂದು ಒಬ್ಬ ಹುಡುಗ ತಾನೇ ಕಂಡುಕೊಂಡಿದ್ದ. ಒಬ್ಬರು ಕೇಳಬೇಕು, ಉಳಿದವರು ಸುಮ್ಮನಿರಬೇಕು. ಅಜ್ಜ ನಿಲ್ಲಿಸಿದೊಡನೆ ಮುಂದಿನ ಪ್ರಶ್ನೆಗೆ ಹಾರದೆ ಒಂದಷ್ಟು ಹೊತ್ತು ಕಾಯಬೇಕು. ಅದನ್ನೂ ಪಟ್ಟಿಯ ಅಂಚಿನಲ್ಲಿ ‘ಕಾಯಿರಿ’ ಎಂದೇ ಬರೆದುಕೊಂಡರು.

ಮುಂದಿನ ಭಾನುವಾರ ಮತ್ತೆ ಅದೇ ಅಜ್ಜನ ಬಳಿ ಹೋದರು. ಹಾಳೆಯ ಲೆಕ್ಕದಲ್ಲಿ ಒಬ್ಬರನ್ನೇ ಎರಡು ಸಲ ಕೇಳಬಾರದು ಎಂದು ಮೇಲೆ ಹೇಳಿದವನೂ ನಾನೇ. ಆದರೆ ಇಲ್ಲಿ ಮಕ್ಕಳು ಎಣಿಸಲು ಹೋದವರಲ್ಲ, ಮಾತು ಎಲ್ಲಿ ಕಟ್ಟಿಕೊಂಡಿತ್ತು ಎಂದು ನೋಡಲು ಹೋದವರು. ಈಗ ಮೊದಲ ಪ್ರಶ್ನೆ ಇಷ್ಟೇ ಇತ್ತು: ‘ಅಜ್ಜಾ, ತೂಬು ಎತ್ತೋ ದಿನ ಬೆಳಿಗ್ಗೆ ಎದ್ದು ಏನೇನ್ ಮಾಡ್ತಿದ್ರಿ?’

ಅಜ್ಜ ಎಲೆಅಡಿಕೆಯ ಚೀಲ ಬಿಚ್ಚಿದರು. ಒಂದೂವರೆ ಗಂಟೆ ಮಾತಾಡಿದರು. ಯಾರ ಗದ್ದೆಗೆ ಮೊದಲು, ನೆರಳನ್ನು ನೋಡಿ ಹೊತ್ತು ಅಳೆದದ್ದು, ಬರದ ವರ್ಷ ಎಲ್ಲರೂ ಕೂಡಿ ಅರ್ಧ ಅರ್ಧ ಗದ್ದೆ ನಾಟಿ ಮಾಡಿದ್ದು, ರಾತ್ರಿ ಕಳ್ಳತನದಲ್ಲಿ ಮಡೆ ತಿರುಗಿಸಿಕೊಂಡವನನ್ನು ಹಿಡಿದದ್ದು, ಎಲ್ಲ ತಾನಾಗಿಯೇ ಬಂತು. ಜಗಳದ ಪ್ರಶ್ನೆಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಮಕ್ಕಳು ಪುಸ್ತಕ ಮಡಚಿ ಏಳುವಾಗ ಅಜ್ಜ ಕೇಳಿದರು:

‘ಇಷ್ಟೇನಾ? ಕೆರೆ ಕೋಡಿ ಬಿದ್ದ ವರ್ಷದ್ದು ಕೇಳ್ಲೇ ಇಲ್ವಲ್ಲ.’

ಹುಡುಗಿಯೊಬ್ಬಳು ನಿಂತಲ್ಲೇ ಪುಸ್ತಕ ಬಿಚ್ಚಿ, ಪಟ್ಟಿಯ ಕೊನೆಯಲ್ಲಿ ಒಂಬತ್ತನೇ ಪ್ರಶ್ನೆಯಾಗಿ ಅದನ್ನು ಬರೆದುಕೊಂಡು ಮತ್ತೆ ಜಗಲಿಯ ಮೇಲೆ ಕೂತಳು.